ಲ್ಯಾರಿ ಯಂಗ್‌ನ ‘ಯೂನಿಟಿ’: ಎಲ್ಲರೂ ಹೊಗಳೋದು ಸರಿ, ಹೊಗಳ್ತಿರೋದು ಯಾವುದನ್ನ?

ಸಂಶಯಾತ್ಮ
ಅಮೆರಿಕದ ಜಾಝ್ ಆರ್ಗನ್ ವಾದಕ ಲ್ಯಾರಿ ಯಂಗ್‌ನ ‘ಯೂನಿಟಿ’, ಬ್ಲೂ ನೋಟ್ ಕಂಪನಿಯ ಆಲ್ಬಂ ಸಂಖ್ಯೆ 4221. 1965ರ ನವೆಂಬರ್ 10ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಿಸಿದ್ದು, ಮರುವರ್ಷ ಅಂಗಡಿಗೆ ಬಂದದ್ದು. ಜಾಝ್ ಆರ್ಗನ್ ಬಗ್ಗೆ ಯಾರು ಪಟ್ಟಿ ಮಾಡಿದರೂ ಈ ಆಲ್ಬಂ ಮೇಲಿನ ಸಾಲಿನಲ್ಲೇ ಇರುತ್ತೆ. ಆಲ್‌ಮ್ಯೂಸಿಕ್ ತಾಣದಲ್ಲಿ 5ಕ್ಕೆ 5 ತಾರೆ. ಆರ್ಗನ್ ವಾದಕ ಜ್ಯಾಕ್ ಮೆಕ್‌ಡಫ್ ಕೊಟ್ಟದ್ದೆಂದು ಎಲ್ಲೆಡೆ ಓಡಾಡುವ ‘ಆರ್ಗನ್ನಿನ ಕೋಲ್ಟ್ರೇನ್’ ಬಿರುದು (ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ಹೆಸರಿನದು) ಪ್ರತಿ ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಬಂದು ಕೂರುತ್ತೆ.

ನನ್ನ ತಕರಾರು ಆಲ್ಬಂ ಮೇಲಲ್ಲ, ವಿಮರ್ಶೆಗಳ ಮೇಲೆ. ಇರೋದು ಆರು ರಚನೆ. ‘ಝೋಲ್ಟಾನ್’, ‘ದಿ ಮೂನ್‌ಟ್ರೇನ್’, ‘ಬಿಯಾಂಡ್ ಆಲ್ ಲಿಮಿಟ್ಸ್’ ಮೂರೂ ತುತ್ತೂರಿಯ ವುಡಿ ಶಾನವು. ‘ಇಫ್’ ಟೆನರ್ ಸ್ಯಾಕ್ಸ್‌ನ ಜೋ ಹೆಂಡರ್‌ಸನ್‌ನದು. ಉಳಿದವು ಥೆಲೋನಿಯಸ್ ಮಂಕ್‌ನ ‘ಮಂಕ್ಸ್ ಡ್ರೀಮ್’ ಮತ್ತು 1928ರ ಆಪರೆಟ್ಟಾದಿಂದ ಬಂದ ರಾಮ್‌ಬರ್ಗ್‌ನ ‘ಸಾಫ್ಟ್‌ಲಿ’. ಮೇಲುಹೊದಿಕೆಯಲ್ಲಿ ಹೆಸರು ಹಾಕಿಸಿಕೊಂಡವನ ಸ್ವಂತ ರಚನೆ ಸೊನ್ನೆ. ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್, ಅಂದರೆ ಕೋಲ್ಟ್ರೇನ್‌ನ ಸ್ವಂತ ಡ್ರಮ್ಮರ್. ಹಾಗಿದ್ದ ಮೇಲೆ ‘ಆರ್ಗನ್ನಿಗೆ ಹೊಸ ದಾರಿ ಹಾಕಿದ ಆಲ್ಬಂ’ ಅನ್ನೋದರಲ್ಲಿ ಆರ್ಗನ್ನಿನ ಪಾಲೆಷ್ಟು? ‘ಕ್ರಾಂತಿ’, ‘ಆಧ್ಯಾತ್ಮ’ ಇಂಥ ಪದ ಬಿಟ್ಟು, ಯಾವ ಕೈ ಎಲ್ಲಿ ಏನು ಮಾಡ್ತು ಅಂತ ಹೇಳಬಲ್ಲವರು ಹೇಳಿ.

ಡ್ರಾಬಾರ್ 888
ಪ್ರಶ್ನೆ ಸರಿಯಾಗಿದೆ. ವಾದ್ಯದಿಂದಲೇ ಶುರು ಮಾಡೋಣ, ಇಲ್ಲದಿದ್ದರೆ ಮಾತು ಗಾಳಿಯಲ್ಲಿ ಹೋಗುತ್ತೆ.

ಹ್ಯಾಮಂಡ್ ಬಿ-3 (ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿದ್ದದ್ದು ಸಿ-3, ಮರದ ಪೆಟ್ಟಿಗೆಯ ಆಕಾರ ಬೇರೆ, ಒಳಗಿನ ಯಂತ್ರ ಅದೇ) ಅಂದರೆ 61 ಮನೆಗಳ ಎರಡು ಸಾಲು, ಕಾಲಡಿಯಲ್ಲಿ 25 ಪೆಡಲ್, ಒಳಗೆ ಮೋಟಾರಿಗೆ ತಿರುಗುವ 91 ಹಲ್ಲುಚಕ್ರ. ಒಂದೊಂದು ಚಕ್ರದ ಎದುರಿಗೂ ಅಯಸ್ಕಾಂತ ಮತ್ತು ಸುರುಳಿ. ಚಕ್ರ ತಿರುಗಿದರೆ ಸ್ವರ. ಒಂದು ಮನೆ ಒತ್ತಿದಾಗ ಆ ಸ್ವರ ಮತ್ತು ಅದರ ಮೇಲಿನ, ಕೆಳಗಿನ ಒಂಬತ್ತು ಪದರಗಳಲ್ಲಿ ಯಾವುದು ಎಷ್ಟು ಕೇಳಬೇಕು ಅನ್ನೋದನ್ನ ಒಂಬತ್ತು ಡ್ರಾಬಾರ್‌ಗಳು ತೀರ್ಮಾನಿಸುತ್ತವೆ. ಪ್ರತಿಯೊಂದಕ್ಕೂ 0ಯಿಂದ 8ರವರೆಗೆ ಗುರುತು.

1956ರಲ್ಲಿ ಬ್ಲೂ ನೋಟ್‌ಗೆ ಬಂದ ಜಿಮ್ಮಿ ಸ್ಮಿತ್ ಹಾಕಿಕೊಟ್ಟ ಮಾದರಿ: ಮೇಲಿನ ಸಾಲಿಗೆ 888000000 (ಒಂಬತ್ತು ಡ್ರಾಬಾರ್‌ಗಳ ಗುರುತು, ಎಡದಿಂದ ಕ್ರಮವಾಗಿ), ಜೊತೆಗೆ ಪರ್ಕಶನ್, ಅಂದರೆ ಸ್ವರದ ಶುರುವಿಗೆ ಸೇರುವ ‘ಟಿಣ್’ (ಮೂರನೇ ಹಾರ್ಮೋನಿಕ್, ಸಾಫ್ಟ್, ಫಾಸ್ಟ್), ವೈಬ್ರೇಟೊ ಗುಂಡಿ ಸಿ-3ರಲ್ಲಿ (ಇದು ಗುಂಡಿಯ ಗುರುತು, ವಾದ್ಯದ ಹೆಸರಲ್ಲ). ಎಡಗೈ ಕೆಳಸಾಲಿನಲ್ಲಿ ಬಾಸ್ (ತಳದ ಸ್ವರಗಳ ಸಾಲು) ನಡೆಸುತ್ತೆ, ಬಲಗೈ ಬ್ಲೂಸ್ ಹಾಡುತ್ತೆ, ಪಕ್ಕದಲ್ಲಿ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹೊಡೆಯುತ್ತೆ. ಮುಂದಿನ ಹತ್ತು ವರ್ಷ ಹೆಚ್ಚುಕಡಿಮೆ ಎಲ್ಲರೂ ಈ ಚೌಕಟ್ಟಿನಲ್ಲೇ ಬಾಳಿದರು. ಯಂಗ್ ಪ್ರೆಸ್ಟೀಜ್ ಕಂಪನಿಗೆ ಮಾಡಿದ ಮೊದಲ ಆಲ್ಬಂಗಳು (1960ರ ‘ಟೆಸ್ಟಿಫೈಯಿಂಗ್’, ‘ಯಂಗ್ ಬ್ಲೂಸ್’, 1962ರ ‘ಗ್ರೂವ್ ಸ್ಟ್ರೀಟ್’) ಕೇಳಿ, ಸ್ಮಿತ್‌ನ ನೆರಳು ಚೆನ್ನಾಗಿ ಕಾಣುತ್ತೆ.

‘ಯೂನಿಟಿ’ಯಲ್ಲಿ ಮೊದಲ ವ್ಯತ್ಯಾಸ ಗಿಟಾರ್ ಇಲ್ಲದಿರೋದು. ಇದನ್ನ ವಿಮರ್ಶೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಗಿಟಾರ್ ಇಲ್ಲ ಅಂದರೆ ತುತ್ತೂರಿ, ಸ್ಯಾಕ್ಸ್ ನುಡಿಯುವಾಗ ಹಿಂದೆ ಕಾರ್ಡ್ ಕೊಡೋ ಕೆಲಸ ಪೂರ್ತಿ ಯಂಗ್‌ನ ಬಲಗೈಗೆ ಬರುತ್ತೆ, ಬಾಸ್ ಪೂರ್ತಿ ಎಡಗೈ ಮತ್ತು ಕಾಲಿಗೆ. ನಾಲ್ಕು ಜನರ ಕೂಟದಲ್ಲಿ ಇಬ್ಬರ ಕೆಲಸ ಒಬ್ಬನದು. ನಿಮ್ಮ ‘ಆರ್ಗನ್ನಿನ ಪಾಲೆಷ್ಟು’ ಪ್ರಶ್ನೆಗೆ ಲೆಕ್ಕ ಇಲ್ಲಿಂದ ಶುರು.

ಪ್ಲೇಟು ಪೆಟ್ಟಿಗೆ
ಕಾಲದ ಹಿನ್ನೆಲೆ ಸ್ವಲ್ಪ ಸೇರಿಸ್ತೀನಿ. ಹೆಂಡರ್‌ಸನ್ ಮತ್ತು ಶಾ ಇಬ್ಬರೂ 1965ರ ಅಕ್ಟೋಬರ್‌ನಲ್ಲಿ ಪಿಯಾನೊ ವಾದಕ ಹೊರೇಸ್ ಸಿಲ್ವರ್‌ನ ‘ದಿ ಕೇಪ್ ವರ್ಡಿಯನ್ ಬ್ಲೂಸ್’ನಲ್ಲಿ ಒಟ್ಟಿಗೆ ನುಡಿಸಿದ್ದರು. ಅಂದರೆ ಜೋಡಿ ಆಗಲೇ ಪಳಗಿತ್ತು. ಎಲ್ವಿನ್ ಇನ್ನೂ ಕೋಲ್ಟ್ರೇನ್ ತಂಡದಲ್ಲೇ ಇದ್ದ. ‘ಯೂನಿಟಿ’ ಆದ 13 ದಿನಕ್ಕೆ, ನವೆಂಬರ್ 23ಕ್ಕೆ, ಕೋಲ್ಟ್ರೇನ್‌ನ ‘ಮೆಡಿಟೇಶನ್ಸ್’ ಮುದ್ರಣ. ‘ಎ ಲವ್ ಸುಪ್ರೀಂ’ ಮುದ್ರಣವಾದದ್ದೂ ಇದೇ ಸ್ಟುಡಿಯೊದಲ್ಲಿ, ಅದಕ್ಕೆ ಹನ್ನೊಂದು ತಿಂಗಳ ಹಿಂದೆ.

ಶಾಗೆ ಆಗ 20 ವರ್ಷ. ಯಂಗ್‌ಗೆ 25. ಇಬ್ಬರೂ ನೂವರ್ಕ್ ಊರಿನಲ್ಲಿ ಬೆಳೆದವರು. ಯಂಗ್‌ನ ಅಪ್ಪನೂ ಆರ್ಗನ್ ನುಡಿಸುತ್ತಿದ್ದವನು.

ಹೊದಿಕೆ ರೀಡ್ ಮೈಲ್ಸ್‌ನದು: ಫೋಟೊ ಇಲ್ಲ, ಬರೀ ಅಕ್ಷರಗಳ ಆಟ. ಟಿಪ್ಪಣಿ ನ್ಯಾಟ್ ಹೆಂಟಾಫ್.

ಸಂಶಯಾತ್ಮ
ಡ್ರಾಬಾರ್ ಸರ್, ಗಿಟಾರ್ ಇಲ್ಲದಿದ್ದರೆ ಕೆಲಸ ಜಾಸ್ತಿ ಆಯಿತು, ಒಪ್ಪಿದೆ. ಕೆಲಸ ಜಾಸ್ತಿ ಆದ ಮಾತ್ರಕ್ಕೆ ಹೊಸದಾಯಿತೇ? ಕೋಲ್ಟ್ರೇನ್ ಹೆಸರು ಯಾಕೆ ಅಂಟಿತು?

ಖರಹರ
ಇದಕ್ಕೆ ನಮ್ಮ ಸಂಗೀತ ಕೇಳುವವರಿಗೆ ಅರ್ಥವಾಗುವಂತೆ ಉತ್ತರ ಕೊಡಬಹುದು.

ಹಳೇ ಶೈಲಿಯಲ್ಲಿ ಕಾರ್ಡ್ ಅಂದರೆ ಒಂದು ಬಿಟ್ಟು ಒಂದು ಸ್ವರದ ಜೋಡಣೆ: ಸ-ಗ-ಪ-ನಿ. ಕೋಲ್ಟ್ರೇನ್ ತಂಡದ ಪಿಯಾನೊ ವಾದಕ ಮೆಕಾಯ್ ಟೈನರ್ ಸ್ವರಗಳನ್ನ ಮಧ್ಯಮದ ಅಂತರದಲ್ಲಿ ಪೇರಿಸಿದ. ಕಿವಿಗೆ ‘ಇದು ಇಂಥದ್ದೇ ಕಾರ್ಡ್’ ಅಂತ ಗಟ್ಟಿಯಾಗಿ ಹೇಳೋದಿಲ್ಲ, ತೆರೆದ ಬಾಗಿಲು ಇದ್ದಹಾಗೆ. ಮೈನರ್ ಕಾರ್ಡಿನ ಮೇಲೆ, ಅಂದರೆ ಖರಹರಪ್ರಿಯದ ಸ್ವರಗಳಲ್ಲಿ, ಹೀಗೆ:

ಸ – ಮ1 – ನಿ2
ರಿ2 – ಪ – ಸ
ಗ2 – ದ2 – ರಿ2

ಮೂರೂ ಒಂದೇ ಮೇಳದೊಳಗೇ ಇವೆ. ಬಲಗೈ ಮೂರು ಬೆರಳಲ್ಲಿ ಇವನ್ನ ಮೇಲೆ ಕೆಳಗೆ ಜಾರಿಸ್ತಾ ಹೋದರೆ, ತುತ್ತೂರಿಯವನು ಯಾವ ಸ್ವರದಲ್ಲಿ ನಿಂತರೂ ಕಾರ್ಡ್ ಅಡ್ಡ ಬರೋದಿಲ್ಲ. ಯಂಗ್ ಇದನ್ನ ಆರ್ಗನ್ನಿಗೆ ತಂದ.

ಎರಡನೇದು ಐದು ಸ್ವರದ ಸಾಲುಗಳು. ಅವರ ‘ಮೈನರ್ ಪೆಂಟಾಟೋನಿಕ್’ ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ: ಸ ಗ2 ಮ1 ಪ ನಿ2. ಖರಹರಪ್ರಿಯದೊಳಗೆ ಇಂಥ ಸಾಲು ಮೂರು ಕಡೆಯಿಂದ ಸಿಗುತ್ತವೆ: ಷಡ್ಜದಿಂದ, ರಿಷಭವನ್ನೇ ಷಡ್ಜ ಮಾಡಿಕೊಂಡು, ಪಂಚಮವನ್ನೇ ಷಡ್ಜ ಮಾಡಿಕೊಂಡು. ಗ್ರಹಭೇದ ಬಲ್ಲವರು ಕೂತಲ್ಲೇ ಲೆಕ್ಕ ಹಾಕಬಹುದು. ಕೆಳಗೆ ಬಾಸ್ ಕದಲದೆ ನಿಂತಿರುವಾಗ ಬಲಗೈ ಈ ಮೂರರ ನಡುವೆ ಓಡಾಡಿದರೆ, ಸ್ವರ ಯಾವುದೂ ಹೊರಗಿನದಲ್ಲ, ಆದರೂ ನೆಲ ಸರಿದಂತೆ ಕೇಳುತ್ತೆ. ಅಲ್ಲಿಂದ ಒಂದು ಸ್ವರಸ್ಥಾನ ಮೇಲಿನ ಧನ್ಯಾಸಿಗೆ ಜಿಗಿದು ಎರಡು ಬೀಟಿನಲ್ಲಿ ವಾಪಸ್ ಬಂದರೆ ಅದೇ ಜಾಝ್‌ನವರು ‘ಔಟ್‌ಸೈಡ್’ ಅನ್ನೋದು. ಶಾನ ತುತ್ತೂರಿಯಲ್ಲೂ ಇದೇ ವ್ಯಾಕರಣ. ಕಲಿಯೋರು ಎಡವೋದು ವಾಪಸ್ ಬರೋ ಜಾಗದಲ್ಲಿ. ಹೊರಗೆ ಹೋಗೋದು ಸುಲಭ. ಮರಳಿ ಇಳಿಯುವ ಸ್ವರ ಕಾರ್ಡಿನ ಗ ಅಥವಾ ನಿ ಮೇಲೆ ಬೀಳದಿದ್ದರೆ ಬರೀ ತಪ್ಪು ಸ್ವರದ ಹಾಗೆ ಕೇಳುತ್ತೆ.

ತನಿ ಆವರ್ತನ
ಸೊಗಸಾಗಿ ಬಿಡಿಸಿದಿರಿ ಖರಹರ ಮೇಡಂ. ಒಂದು ತಿದ್ದುಪಡಿ: ಬಾಸ್ ‘ಕದಲದೆ’ ನಿಂತಿದ್ದು ಈ ಆಲ್ಬಂನಲ್ಲಿ ಕಮ್ಮಿ. ‘ಬಿಯಾಂಡ್ ಆಲ್ ಲಿಮಿಟ್ಸ್’ನಲ್ಲಿ ಕಾರ್ಡ್‌ಗಳು ಬೇಗ ಬೇಗ ಬದಲಾಗುತ್ತವೆ, ಅಲ್ಲಿ ಎಡಗೈಗೆ ಉಸಿರಾಡೋಕೂ ಬಿಡುವಿಲ್ಲ. ‘ಸಾಫ್ಟ್‌ಲಿ’ಯಲ್ಲಿ ನಿಮ್ಮ ಮಾತು ಚೆನ್ನಾಗಿ ಒಪ್ಪುತ್ತೆ.

ಆ ಹಾಡಿನ ಬಗ್ಗೆ ಇನ್ನೊಂದು ವಿಷಯ. ಎಲ್ವಿನ್ ಇದನ್ನ 1957ರಲ್ಲಿ ಸ್ಯಾಕ್ಸ್‌ನ ಸನ್ನಿ ರಾಲಿನ್ಸ್ ಜೊತೆ, 1961ರಲ್ಲಿ ಕೋಲ್ಟ್ರೇನ್ ಜೊತೆ, ಎರಡು ಸಲವೂ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿ ಮುದ್ರಣವಾಗಿದೆ. ‘ಯೂನಿಟಿ’ಯದು ಮೂರನೇ ರೂಪ. ಮೂರನ್ನೂ ಒಂದರ ಹಿಂದೆ ಒಂದು ಕೇಳಿದರೆ ವ್ಯಾನ್‌ಗಾರ್ಡ್‌ನ ಎರಡರಲ್ಲೂ ಇರುವ ನಿಂತುಕೊಂಡು ಮೀಟುವ ಬಾಸ್, ಇಲ್ಲಿ ಇಲ್ಲದ್ದು, ಎಷ್ಟು ಜಾಗ ತುಂಬುತ್ತಿತ್ತು ಅಂತ ಗೊತ್ತಾಗುತ್ತೆ.

ಎಲ್ವಿನ್ ನುಡಿಸೋದು ತಿಶ್ರದಲ್ಲಿ, ಆದರೆ ಮೂರು ಏಟನ್ನೂ ಒಂದೇ ಕಡೆ ಹೊಡೆಯಲ್ಲ. ಒಂದು ಸಿಂಬಲ್ ಮೇಲೆ, ಒಂದು ಸ್ನೇರ್ ಮೇಲೆ, ಒಂದು ಕಾಲಿನ ಬಾಸ್ ಡ್ರಮ್ ಮೇಲೆ ಹಂಚಿಬಿಡ್ತಾನೆ. ಅಳತೆಯ (ತಾಳದ ಒಂದು ಸುತ್ತಿನ, ಅವರ ‘ಬಾರ್’) ಗೆರೆ ಎಲ್ಲಿ ಅಂತ ಮಸುಕಾಗುತ್ತೆ. ಇಂಥವನ ಜೊತೆ ಬಾಸ್ ನಡೆಸುವವನು ಸ್ವಲ್ಪ ಅಳುಕಿದರೂ ಇಡೀ ಕೂಟ ಕುಸಿಯುತ್ತೆ. ಮೀಟೋ ಬಾಸ್‌ನಲ್ಲಿ ಏಟು ಬಿದ್ದ ಕೂಡಲೇ ನಾದ ಕುಗ್ಗುತ್ತೆ, ಹಾಗಾಗಿ ಪ್ರತಿ ಬೀಟೂ ಗುರುತು ಬಿಟ್ಟು ಹೋಗುತ್ತೆ. ಆರ್ಗನ್ ಬಾಸ್ ಕುಗ್ಗೋದಿಲ್ಲ. ಒಂದು ಸ್ವರ ಬಿಟ್ಟು ಇನ್ನೊಂದು ಒತ್ತುವ ನಡುವಿನ ಸಣ್ಣ ಸಂದೇ ಬೀಟು. ಆ ಸಂದು ಹೆಚ್ಚಾದರೆ ಕುಂಟುತ್ತೆ, ಇಲ್ಲವಾದರೆ ಒಂದೇ ಗುಂಯ್ ಗುಂಯ್.

ಡ್ರಾಬಾರ್ 888
ತನಿಯವರ ಕೊನೇ ಸಾಲಿಗೆ ಯಂತ್ರದ ಕಡೆಯಿಂದ ಕಾರಣ ಕೊಡ್ತೀನಿ.

ಬಿ-3, ಸಿ-3ಗಳಲ್ಲಿ ಕೈಸಾಲಿನ ಅತಿ ಕೆಳಗಿನ ಸಪ್ತಕದಲ್ಲಿ 16 ಅಡಿಯ ಡ್ರಾಬಾರ್ (ಮೊದಲನೆಯದು; ಹೆಸರು ಕೊಳವೆ ಆರ್ಗನ್ನಿನ ಅಳತೆಯಿಂದ) ಇನ್ನೂ ಕೆಳಕ್ಕೆ ಇಳಿಯೋದಿಲ್ಲ. ಮೇಲಿನ ಸಪ್ತಕದ್ದೇ ಸ್ವರ ಮತ್ತೆ ಬರುತ್ತೆ. ನಿಜವಾದ ತಳದ 12 ಚಕ್ರಗಳು ಪೆಡಲ್‌ಗೆ ಮಾತ್ರ ಮೀಸಲು. ಆದ್ದರಿಂದ ಎಡಗೈಯಲ್ಲಿ ಎಷ್ಟೇ ಎಡಕ್ಕೆ ಹೋದರೂ ಬಾಸ್ ‘ತೂಕ’ ಒಂದು ಹಂತಕ್ಕೆ ನಿಂತುಬಿಡುತ್ತೆ. ಅದಕ್ಕೇ ಆರ್ಗನ್ನಿನವರು ಎಡಗಾಲಲ್ಲಿ ಪೆಡಲನ್ನ ಬೀಟಿಗೊಂದು ಸಲ ಮೆಲ್ಲಗೆ ತಟ್ಟುತ್ತಾರೆ. ಪೂರ್ತಿ ಸ್ವರ ಹಿಡಿಯಲಿಕ್ಕಲ್ಲ, ಏಟಿನ ‘ಧಪ್’ ಸೇರಿಸಲಿಕ್ಕೆ. ನಮ್ಮ ಕಂಪನಿ ನಾಟಕದ ಕಾಲು ಹಾರ್ಮೋನಿಯಂ ನೋಡಿದವರಿಗೆ ಪೆಡಲ್ ಅಂದರೆ ಗಾಳಿ ಅಂತ ಅನ್ನಿಸುತ್ತೆ. ಇಲ್ಲಿ ಗಾಳಿಯೇ ಇಲ್ಲ, ಕಾಲೂ ಸ್ವರವನ್ನೇ ನುಡಿಸೋದು.

ಪ್ರಯತ್ನಿಸುವವರಿಗೆ (ನಿಜವಾದ ಹ್ಯಾಮಂಡ್ ಬೇಕಿಲ್ಲ, ಅದರ ಸದ್ದು ಅನುಕರಿಸುವ ಒಳ್ಳೇ ಕ್ಲೋನ್ ಕೀಬೋರ್ಡ್ ಸಾಕು):

ಕೆಳಸಾಲು 838000000 ಅಥವಾ 848000000, ವೈಬ್ರೇಟೊ ಬೇಡ. ಬಾಸ್‌ಗೆ ವೈಬ್ರೇಟೊ ಹಾಕಿದರೆ ಶ್ರುತಿ ಅಲ್ಲಾಡಿದಂತೆ ಕೇಳುತ್ತೆ. ಮೇಲುಸಾಲು 888000000ದಿಂದ ಶುರು ಮಾಡಿ, ಎರಡನೇ ಡ್ರಾಬಾರನ್ನ 4ರ ಹತ್ತಿರಕ್ಕೆ ತಳ್ಳಿ. ಅದು ಪಂಚಮದ ಪದರ. ಕಮ್ಮಿ ಮಾಡಿದರೆ ಮೂಗಿನ ಸ್ವರ ಹೋಗಿ ನಾದ ದುಂಡಗಾಗುತ್ತೆ, ಮಧ್ಯಮದ ಅಂತರದ ಕಾರ್ಡ್‌ಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅದನ್ನ 8ರಲ್ಲೇ ಇಟ್ಟು ಖರಹರ ಮೇಡಂ ಬರೆದ ಸ-ಮ-ನಿ ಒತ್ತಿದರೆ ಪ್ರತಿ ಸ್ವರದ ಪಂಚಮವೂ ಸೇರಿ ಗೊಜ್ಜಾಗುತ್ತೆ.

16 ಅಡಿಯ ಡ್ರಾಬಾರ್ ಎಳೆದಿದ್ದರೆ ಪ್ರತಿ ಸ್ವರದ ಜೊತೆ ಒಂದು ಸಪ್ತಕ ಕೆಳಗಿನದೂ ನುಡಿಯುತ್ತೆ. ಹಾಗಾಗಿ ಕಾರ್ಡ್‌ಗಳನ್ನ ನಡು ‘ಸಿ’ಗಿಂತ ಮೇಲೆಯೇ ಇಡಿ. ಪಿಯಾನೊ ಕಲಿತವರು ಅಭ್ಯಾಸಬಲದಿಂದ ಕೆಳಗೆ ಹಿಡಿದು, ‘ವಾದ್ಯ ಸರಿ ಇಲ್ಲ’ ಅಂತಾರೆ.

ಪರ್ಕಶನ್ ಬಗ್ಗೆ ಮೂರು ಮಾತು. ಅದು ಮೇಲುಸಾಲಿನ ಬಿ ಪ್ರಿಸೆಟ್ (ನಾದ ಆರಿಸುವ ಮನೆಗಳಲ್ಲೊಂದು) ಒತ್ತಿದ್ದಾಗ ಮಾತ್ರ ಕೆಲಸ ಮಾಡೋದು. ಅದು ಆನ್ ಇರುವಾಗ ಒಂಬತ್ತನೇ ಡ್ರಾಬಾರ್ ಸತ್ತಹಾಗೇ. ‘ನಾರ್ಮಲ್’ನಲ್ಲಿಟ್ಟರೆ ಡ್ರಾಬಾರ್‌ಗಳ ಸದ್ದು ತಾನಾಗಿ ತಗ್ಗುತ್ತೆ, ‘ಸಾಫ್ಟ್’ನಲ್ಲಿ ತಗ್ಗೋದಿಲ್ಲ. ಮುಖ್ಯವಾದದ್ದು: ಎಲ್ಲ ಮನೆಗಳಿಂದ ಬೆರಳು ಎತ್ತಿದ ಮೇಲೆ ಒತ್ತುವ ಮೊದಲ ಸ್ವರಕ್ಕೆ ಮಾತ್ರ ಆ ‘ಟಿಣ್’ ಬರುತ್ತೆ. ಸ್ವರಗಳನ್ನ ಅಂಟಿಸಿ ನುಡಿಸಿದರೆ ಎರಡನೆಯದಕ್ಕೆ ಬರಲ್ಲ. ಯಂಗ್‌ನ ಸಾಲುಗಳಲ್ಲಿ ಕೆಲವು ಸ್ವರ ಮಾತ್ರ ಮೊನೆಯಾಗಿ, ಮಿಕ್ಕವು ನುಣ್ಣಗೆ ಕೇಳೋದು ಇದರಿಂದ. ಯಾವ ಸ್ವರಕ್ಕೆ ಒತ್ತು ಬೇಕೋ ಅದಕ್ಕೆ ಮೊದಲು ಬೆರಳು ಎತ್ತೋದು.

ರಾತ್ರಿಪಾಳಿ
ಈ ಮಾಹಿತಿಗೆ ಕೈಮುಗಿದೆ ಗುರುಗಳೇ. ಲೆಸ್ಲಿ ಬಗ್ಗೆ ಹೇಳಲಿಲ್ಲ?

ಡ್ರಾಬಾರ್ 888
ಲೆಸ್ಲಿ ಅಂದರೆ ತಿರುಗುವ ಸ್ಪೀಕರ್ ಪೆಟ್ಟಿಗೆ. ಮೇಲೆ ಕಹಳೆಯಾಕಾರದ ಹಾರ್ನ್, ಕೆಳಗೆ 15 ಇಂಚಿನ ಸ್ಪೀಕರ್, ಅದರ ಕೆಳಗೆ ತಿರುಗುವ ಡ್ರಮ್. 800 ಹರ್ಟ್ಸ್ ಹತ್ತಿರ ಮೇಲುಸ್ವರ ಕೆಳಸ್ವರ ಬೇರೆಯಾಗುತ್ತವೆ. ಹಾರ್ನ್ ನಿಧಾನದಲ್ಲಿ ನಿಮಿಷಕ್ಕೆ ಸುಮಾರು 50 ಸುತ್ತು, ವೇಗದಲ್ಲಿ 400 ಹತ್ತಿರ. ಚರ್ಚಿನ ಗಾಸ್ಪೆಲ್ ಶೈಲಿಯಲ್ಲಿ ಹಾಡಿನ ತುದಿಗೆ ಬಂದಾಗ ವೇಗಕ್ಕೆ ಹಾಕಿ ಜನರನ್ನ ಎಬ್ಬಿಸೋದು ರೂಢಿ. ‘ಯೂನಿಟಿ’ಯಲ್ಲಿ ಆ ಎಬ್ಬಿಸುವ ಆಟ ಹುಡುಕಬೇಡಿ, ಸಿಗಲ್ಲ.

ಸಂಶಯಾತ್ಮ
ಈಗ ಮಾತು ದಾರಿಗೆ ಬಂತು. ಆದರೆ ನನ್ನ ಮೊದಲ ಪ್ರಶ್ನೆ ಬಾಕಿ ಇದೆ: ರಚನೆಗಳು ಶಾನವು. ವಿಮರ್ಶೆಗಳು ಯಂಗ್‌ಗೆ ಹಾರ ಹಾಕಿ ಶಾನನ್ನ ‘ಜೊತೆಗಾರ’ ಮಾಡಿಬಿಟ್ಟಿವೆ. ‘ಮೂನ್‌ಟ್ರೇನ್’ ಈಗ ಜಾಝ್ ಕಲಿಯುವವರೆಲ್ಲ ನುಡಿಸುವ ರಚನೆ. ಅದರ ಹೆಸರಲ್ಲೇ ಕೋಲ್ಟ್ರೇನ್ ಇದ್ದಾನೆ. ‘ಆರ್ಗನ್ನಿನ ಕೋಲ್ಟ್ರೇನ್’ ಬಿರುದಿಗೆ ಈ ಆಲ್ಬಂ ಸಾಕ್ಷಿ ಅನ್ನೋದಾದರೆ, ಆ ಸಾಕ್ಷಿಯ ಅರ್ಧ ಬರೆದದ್ದು ಶಾ.

ಪ್ಲೇಟು ಪೆಟ್ಟಿಗೆ
ಶಾ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. 1974ರಲ್ಲಿ ಮ್ಯೂಸ್ ಕಂಪನಿಗೆ ತಾನೇ ನಾಯಕನಾಗಿ ಮಾಡಿದ ಆಲ್ಬಂಗೆ ಶಾ ‘ದಿ ಮೂನ್‌ಟ್ರೇನ್’ ಅಂತಲೇ ಹೆಸರಿಟ್ಟ.

ಆದರೆ ‘ರಚನೆ ಒಬ್ಬನದು, ಹೆಸರು ಇನ್ನೊಬ್ಬನದು’ ಅಂತ ಸರಳ ಮಾಡೋಕಾಗಲ್ಲ. ಸ್ಯಾಕ್ಸ್‌ನ ಎರಿಕ್ ಡಾಲ್ಫಿ ಕರೆದನೆಂದು ಶಾ ಯುರೋಪಿಗೆ ಹೊರಟಿದ್ದ. 1964ರ ಜೂನ್‌ನಲ್ಲಿ ಡಾಲ್ಫಿ ತೀರಿಕೊಂಡ. ಆಮೇಲೂ ಶಾ ಪ್ಯಾರಿಸ್‌ಗೆ ಹೋದ, ಯಂಗ್ ಕೂಡ ಅಲ್ಲಿಗೆ ಬಂದ. ಸ್ಯಾಕ್ಸ್‌ನ ನೇಥನ್ ಡೇವಿಸ್, ಡ್ರಮ್ಸ್‌ನ ಬಿಲ್ಲಿ ಬ್ರೂಕ್ಸ್ ಸೇರಿ ತಂಡ ಆಯಿತು. ಫ್ರೆಂಚ್ ರೇಡಿಯೊಗೆ 1964ರ ಕೊನೆ, 1965ರ ಆರಂಭದಲ್ಲಿ ಮಾಡಿದ ಮುದ್ರಣಗಳನ್ನ ರೆಸೊನೆನ್ಸ್ ಕಂಪನಿ 2016ರಲ್ಲಿ ‘ಲ್ಯಾರಿ ಯಂಗ್ ಇನ್ ಪ್ಯಾರಿಸ್: ದಿ ಓಆರ್‌ಟಿಎಫ್ ರೆಕಾರ್ಡಿಂಗ್ಸ್’ ಅಂತ ಹೊರತಂದಿತು. ಅದರಲ್ಲಿ ‘ಝೋಲ್ಟಾನ್’ ಇದೆ, ‘ಬಿಯಾಂಡ್ ಆಲ್ ಲಿಮಿಟ್ಸ್’ ಇದೆ. ಅಂದರೆ ‘ಯೂನಿಟಿ’ಗೆ ತಿಂಗಳುಗಟ್ಟಲೆ ಮೊದಲೇ ಈ ರಚನೆಗಳು ಇವರಿಬ್ಬರ ಕೈಯಲ್ಲಿ ತಿರುಗಿ ತಿರುಗಿ ಸವೆದಿದ್ದವು.

2016ಕ್ಕೆ ಮೊದಲಿನ ವಿಮರ್ಶೆಗಳಿಗೆ ಇದು ಕೈಗೆ ಸಿಕ್ಕಿರಲಿಲ್ಲ. ಹಾಗಾಗಿ ‘ಯೂನಿಟಿ’ ಒಂದೇ ದಿನ ಆಕಾಶದಿಂದ ಇಳಿದ ಪವಾಡ ಅನ್ನೋ ಧಾಟಿ ಬಂತು. ಆ ಧಾಟಿಯ ಬರಹಗಳನ್ನ ಈಗ ನಕಲು ಮಾಡೋರಿಗೆ ಆ ನೆಪ ಇಲ್ಲ.

ಖರಹರ
ಪ್ಯಾರಿಸ್‌ನ ‘ಝೋಲ್ಟಾನ್’ ಮತ್ತು ಬ್ಲೂ ನೋಟ್‌ನ ‘ಝೋಲ್ಟಾನ್’ ಹೋಲಿಸಿ ಕೇಳೋದು ಈ ಚರ್ಚೆಗೆ ಎಲ್ಲಕ್ಕಿಂತ ಉಪಯೋಗ. ಹೆಸರು ಹಂಗೇರಿಯ ಸಂಗೀತ ರಚನಕಾರ ಝೋಲ್ಟಾನ್ ಕೊಡಾಯಿಯದು. ಶುರುವಿನಲ್ಲಿ ಅವನ ‘ಹಾರಿ ಯಾನೋಶ್’ ಸ್ವೀಟ್‌ನಿಂದ ಎತ್ತಿಕೊಂಡ ಪಥಸಂಚಲನದ ತುಣುಕು. ಎಲ್ವಿನ್ ಸ್ನೇರ್‌ನಲ್ಲಿ ಸಿಪಾಯಿಗಳ ಹೆಜ್ಜೆ ಹಾಕಿಸಿ, ಮರುಕ್ಷಣ ಸ್ವಿಂಗ್‌ಗೆ, ಅಂದರೆ ಜಾಝ್‌ನ ತೂಗುವ ನಡೆಗೆ, ಜಾರುತ್ತಾನೆ. ಆ ಜಾರುವ ಜಾಗದಲ್ಲಿ ಯಂಗ್‌ನ ಎಡಗೈ ಕೇಳಿ. ಡ್ರಮ್ಸ್ ನಡೆ ಬದಲಿಸಿದ ಮೊದಲ ಬೀಟಿನಿಂದಲೇ ಬಾಸ್ ನಡೆಯಲು ಶುರು, ತಡಕಾಟ ಇಲ್ಲ.

ತನಿ ಆವರ್ತನ
ಯಾರೂ ‘ಮಂಕ್ಸ್ ಡ್ರೀಮ್’ ಎತ್ತಲಿಲ್ಲವಲ್ಲ! ಸಂಶಯಾತ್ಮ ಅವರೇ, ನಿಮ್ಮ ‘ಆರ್ಗನ್ನಿನ ಪಾಲೆಷ್ಟು’ ಅನ್ನೋದಕ್ಕೆ ನೇರ ಉತ್ತರ ಅಲ್ಲಿದೆ. ತುತ್ತೂರಿ, ಸ್ಯಾಕ್ಸ್ ಇಬ್ಬರೂ ಹೊರಗೆ. ಬರೀ ಆರ್ಗನ್ ಮತ್ತು ಡ್ರಮ್ಸ್, ಐದೂಮುಕ್ಕಾಲು ನಿಮಿಷ.

ರಚನೆ 32 ಅಳತೆಯದು, ಎಎಬಿಎ ರೂಪ (ಎ ಎರಡು ಸಲ, ನಡುಭಾಗ ಬಿ, ಮತ್ತೆ ಎ). ತಾಳ ಹಾಕಿಕೊಂಡು ಕೇಳಿ: 8 ಅಳತೆಗೊಂದು ಬೆರಳು ಮಡಿಸಿ. ಮೂರನೇ ಬೆರಳಿಗೆ ನಡುಭಾಗ ಬರುತ್ತೆ. ಯಂಗ್ ಸೋಲೊ ನುಡಿಸುವಾಗ ಸಾಹಿತ್ಯವನ್ನ ಬಿಟ್ಟು ಕಲ್ಪನಾಸ್ವರಕ್ಕೆ ಹೋದಂತೆ ದೂರ ಹೋದರೂ ಈ ಎಣಿಕೆ ಎಲ್ಲೂ ತಪ್ಪಲ್ಲ. ಎಲ್ವಿನ್ ಗೆರೆಯನ್ನ ಮಸುಕು ಮಾಡ್ತಾ ಹೋದಹಾಗೆಲ್ಲ ಯಂಗ್‌ನ ಬಾಸ್ ಸಾದಾ ಆಗುತ್ತೆ. ಎಲ್ವಿನ್ ಸಾದಾ ಆದಾಗ ಬಲಗೈ ಮೇಲೆ ಹಾರುತ್ತೆ. ಎಲ್ವಿನ್‌ನ ಬಾಸ್ ಡ್ರಮ್ ಮತ್ತು ಯಂಗ್‌ನ ಎಡಗೈ ಒಂದೇ ಸ್ಥಾಯಿಯಲ್ಲಿ ಜಗಳ ಆಡದೆ ಇರೋದು ಇದರಿಂದ. ಸ್ಪೀಕರ್ ಸಣ್ಣದಿದ್ದರೆ ಇದು ಕೇಳಿಸಲ್ಲ. ಫೋನಿನ ಸ್ಪೀಕರ್‌ನಲ್ಲಿ ಕೇಳಿ ‘ಬಾಸ್ ಇಲ್ಲ’ ಅಂದವರ ವಿಮರ್ಶೆಗೆ ಬೆಲೆ ಕೊಡಬೇಡಿ.

ಸಂಶಯಾತ್ಮ
ಕೇಳಿ ಬಂದೆ, ಹೆಡ್‌ಫೋನಿನಲ್ಲಿ. ತನಿಯವರ ಮಾತು ನಿಲ್ಲುತ್ತೆ. ಆದರೂ ‘ಕೋಲ್ಟ್ರೇನ್’ ಬಿರುದು ಇಲ್ಲಿಗೆ ಇನ್ನೂ ಹೊಂದಲ್ಲ ಅಂತೀನಿ. ಕೋಲ್ಟ್ರೇನ್ ಒಂದು ಕಾರ್ಡಿನೊಳಗೆ ಸಿಗುವ ಸ್ವರವನ್ನೆಲ್ಲ ಸುರಿಯುವವನು. ಯಂಗ್ ಇಲ್ಲಿ ಜಿಪುಣ. ಹೆಂಡರ್‌ಸನ್ ನುಡಿಸುವಾಗ ಹಿಂದೆ ಎಷ್ಟೋ ಅಳತೆ ಕಾರ್ಡೇ ಕೊಡದೆ ಬರೀ ಬಾಸ್ ಮತ್ತು ಡ್ರಮ್ಸ್ ಮೇಲೆ ಬಿಟ್ಟುಬಿಡ್ತಾನೆ. ಹೊಗಳಬೇಕಾದದ್ದು ಈ ಜಿಪುಣತನವನ್ನ. ಬಿರುದು ಅದನ್ನ ಮುಚ್ಚಿಹಾಕಿದೆ.

ಡ್ರಾಬಾರ್ 888
ಕೊನೆಗೂ ಒಂದು ಒಳ್ಳೇ ವಿಮರ್ಶೆಯ ಸಾಲು ಬಂತು. ಇದಕ್ಕೂ ಯಂತ್ರದ ಕಾರಣ ಇದೆ. ಆರ್ಗನ್ ನಾದ ತಾನಾಗಿ ನಿಲ್ಲೋದಿಲ್ಲ. ಪಿಯಾನೊದವನು ಕಾರ್ಡ್ ಹೊಡೆದು ಸುಮ್ಮನಾದರೆ ಅದು ಕರಗುತ್ತೆ, ಸೋಲೊಗೆ ಜಾಗ ತಾನಾಗಿ ಬಿಡುತ್ತೆ. ಆರ್ಗನ್ನಿನವನು ಬೆರಳು ಎತ್ತಲೇಬೇಕು. ಎತ್ತದ ಆರ್ಗನ್ನಿನವರ ಹಿಂದೆ ಎರಡು ಊದುವ ವಾದ್ಯ ಉಸಿರು ಕಟ್ಟುತ್ತವೆ. ಕ್ಲಬ್‌ಗಳಲ್ಲಿ ಆರ್ಗನ್-ಟೆನರ್ ತಂಡಗಳು ಬ್ಲೂಸನ್ನೇ ಹೆಚ್ಚು ನುಡಿಸುತ್ತಿದ್ದದ್ದರಿಂದ ಆ ದಟ್ಟಣೆ ಅಲ್ಲಿ ಒಗ್ಗುತ್ತಿತ್ತು. ಶಾನ ರಚನೆಗಳಿಗೆ ಒಗ್ಗಲ್ಲ.

ಪ್ಲೇಟು ಪೆಟ್ಟಿಗೆ
ಬ್ಲೂಸ್ ಪೂರ್ತಿ ಬಿಟ್ಟರು ಅಂತಲೂ ತಿಳಿಯಬೇಡಿ. ‘ಇಫ್’ ಬ್ಲೂಸ್ ಚೌಕಟ್ಟಿನದೇ. ‘ಚರ್ಚು, ಬಾರು ದಾಟಿ ಬಂದ ಆರ್ಗನ್’ ಅಂತ ಬರೆಯೋ ವಿಮರ್ಶಕರಿಗೆ ಆ ಹಾಡು ಕೇಳಿಸುವುದೇ ಇಲ್ಲ. ದಾಟಬೇಕಾದ ಕೊಳಕು ಅದೇನಲ್ಲ, ಯಂಗ್ ಹುಟ್ಟಿ ಬೆಳೆದ ಮನೆ.

ಮರುಮುದ್ರಣ ಕೇಳೋರಿಗೆ: 1991ರಲ್ಲಿ ಮೊಸೇಯಿಕ್ ಕಂಪನಿ ಯಂಗ್‌ನ ಬ್ಲೂ ನೋಟ್ ಮುದ್ರಣಗಳನ್ನೆಲ್ಲ 6 ಸಿಡಿಯ ಪೆಟ್ಟಿಗೆಯಾಗಿ ತಂದಿತು, ಗಿಟಾರ್‌ನ ಗ್ರಾಂಟ್ ಗ್ರೀನ್ ಜೊತೆಗಿನವೂ ಅದರಲ್ಲಿವೆ. ಅಲ್ಲಿಂದಲೇ ಈ ವಾದಕನನ್ನ ಒಟ್ಟಾಗಿ ನೋಡೋ ಬರಹ ಹೆಚ್ಚಿದ್ದು. 1999ರಲ್ಲಿ ವ್ಯಾನ್ ಗೆಲ್ಡರ್ ತಾನೇ ಹೊಸದಾಗಿ ಮಾಸ್ಟರ್ ಮಾಡಿದ ಸಿಡಿ ಬಂತು. ಆ ಸರಣಿಯ ಮೇಲೆ ಮೇಲುಸ್ವರ ಚೂಪು ಅನ್ನೋ ದೂರು ಇದೆ. ಸಿಂಬಲ್ ಕಿವಿಗೆ ಚುಚ್ಚಿದರೆ ಆಂಪ್ಲಿಫೈಯರ್‌ನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿ. ಹಳೇ ಎಲ್‌ಪಿ ಕೊಳ್ಳುವವರು ಲೇಬಲ್ ಪಕ್ಕದ ಖಾಲಿ ವರ್ತುಲದಲ್ಲಿ ‘ವ್ಯಾನ್ ಗೆಲ್ಡರ್’ ಮುದ್ರೆ ಇದೆಯಾ ನೋಡಿ. ಇದ್ದರೆ ಅವನು ಕೊರೆದ ಮೂಲದಿಂದ ಒತ್ತಿದ್ದು. ದರ ಮಾತಾಡೋದು ಅದಾದ ಮೇಲೆ.

ರಾತ್ರಿಪಾಳಿ
ಒಂದು ಬೇರೆ ಪ್ರಶ್ನೆ, ಕ್ಷಮಿಸಿ. ಅಮೆರಿಕದಿಂದ ಮರಳುವವರ ಸಾಮಾನಿನ ಜೊತೆ ಹಳೇ ಹ್ಯಾಮಂಡ್ ಬೆಂಗಳೂರಿಗೆ ತರಿಸಿ, 230ರಿಂದ 110 ವೋಲ್ಟ್‌ಗೆ ಇಳಿಸೋ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಲ್ಲವಾ?

ಡ್ರಾಬಾರ್ 888
ಸಾಲದು! ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತೆ, ಫ್ರೀಕ್ವೆನ್ಸಿ ಬದಲಿಸಲ್ಲ. ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಹ್ಯಾಮಂಡ್‌ನ ಮೋಟಾರ್ ಸಿಂಕ್ರೊನಸ್, ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕಂತೆಯೇ ತಿರುಗೋದು. ಆರಕ್ಕೆ ಐದರ ವೇಗ ಆದರೆ ಇಡೀ ವಾದ್ಯ 3 ಸ್ವರಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಕೆಳಗಿಳಿಯುತ್ತೆ. ಸಿ ಒತ್ತಿದರೆ ಎ, ಅದೂ ಎಗಿಂತ 16 ಸೆಂಟ್ ಕೆಳಗೆ (ಒಂದು ಸ್ವರಸ್ಥಾನಕ್ಕೆ 100 ಸೆಂಟ್). ಯಾವ ವಾದ್ಯದ ಜೊತೆಗೂ ಕೂರಲ್ಲ. ಲೆಸ್ಲಿಯ ಮೋಟಾರೂ ನಿಧಾನ ಆಗುತ್ತೆ. 60 ಹರ್ಟ್ಸ್‌ನ ಶುದ್ಧ ಸೈನ್ ಅಲೆ ಕೊಡೋ ಫ್ರೀಕ್ವೆನ್ಸಿ ಕನ್ವರ್ಟರ್ ಬೇಕು. ಚೌಕಾಕಾರದ ಅಲೆ ಕೊಡೋ ಅಗ್ಗದ ಇನ್ವರ್ಟರ್‌ಗೆ ಹಾಕಿದರೆ ಮೋಟಾರ್ ಬಿಸಿಯಾಗುತ್ತೆ, ಸ್ಪೀಕರ್‌ನಲ್ಲಿ ಗುಂಯ್‌ಗುಡುತ್ತೆ. ಯುರೋಪಿಗೆಂದು ಮಾಡಿದ 50 ಹರ್ಟ್ಸ್ ವಾದ್ಯ ಸಿಕ್ಕರೆ ಅದು ಲೇಸು.

ಮತ್ತೆ, ಚಾಲೂ ಮಾಡೋ ಕ್ರಮ: ‘ಸ್ಟಾರ್ಟ್’ ಸ್ವಿಚ್ಚನ್ನ ಸುಮಾರು 8 ಸೆಕೆಂಡ್ ಒತ್ತಿ ಹಿಡಿಯಿರಿ, ಬಿಡದೆ ‘ರನ್’ ಹಾಕಿ, ಇನ್ನೂ 4 ಸೆಕೆಂಡ್ ಹಿಡಿದು ‘ಸ್ಟಾರ್ಟ್’ ಬಿಡಿ. ಮೊದಲನೇ ಮೋಟಾರ್ ಚಕ್ರಗಳನ್ನ ವೇಗಕ್ಕೆ ತರುತ್ತೆ, ಎರಡನೆಯದು ಆ ವೇಗ ಹಿಡಿದಿಡುತ್ತೆ. ಅವಸರ ಮಾಡಿದರೆ ಎರಡನೆಯದು ಹಿಡಿಯಲ್ಲ, ಸ್ವರ ಇಳಿದು ನಿಂತುಹೋಗುತ್ತೆ. ವರ್ಷಕ್ಕೊಮ್ಮೆ ಎಣ್ಣೆ, ಅದಕ್ಕೆಂದೇ ಬರುವ ತೆಳು ಎಣ್ಣೆ ಮಾತ್ರ. ಸಿಕ್ಕಿದ ಎಣ್ಣೆ ಹಾಕಿದರೆ ಬತ್ತಿದಾರಗಳಲ್ಲಿ ಅಂಟಾಗಿ ಚಕ್ರ ಜಾಮ್.

ರಾತ್ರಿಪಾಳಿ
ಕ್ಲೋನ್ ಕೀಬೋರ್ಡೇ ಸಾಕು ಸರ್. ‘ಯೂನಿಟಿ’ ಆದಮೇಲೆ ಏನು ಕೇಳಲಿ?

ಪ್ಲೇಟು ಪೆಟ್ಟಿಗೆ
ಮುಂದೆ ಹೋಗೋ ಮೊದಲು ಒಂದು ಹೆಜ್ಜೆ ಹಿಂದೆ: 1964ರ ‘ಇಂಟು ಸಮ್‌ಥಿನ್’. ಸ್ಯಾಕ್ಸ್‌ನ ಸ್ಯಾಮ್ ರಿವರ್ಸ್, ಗ್ರಾಂಟ್ ಗ್ರೀನ್, ಎಲ್ವಿನ್. ಅಲ್ಲಿ ಗಿಟಾರ್ ಇದೆ, ಹಾಗಾಗಿ ಗಿಟಾರ್ ತೆಗೆದದ್ದರಿಂದ ‘ಯೂನಿಟಿ’ಗೆ ಏನಾಯಿತು ಅಂತ ಕಿವಿಗೇ ಗೊತ್ತಾಗುತ್ತೆ. ವಿಮರ್ಶೆಗಳು ಇದಕ್ಕೆ ಸಲ್ಲಬೇಕಾದ ಗಮನ ಕೊಟ್ಟಿಲ್ಲ.

ಆಮೇಲೆ 1966ರ ‘ಆಫ್ ಲವ್ ಅಂಡ್ ಪೀಸ್’. ಅದು ಫ್ರೀ ಜಾಝ್ ಕಡೆಗೆ, ಅಂದರೆ ಚೌಕಟ್ಟು ಬಿಟ್ಟ ನುಡಿಸಾಟದ ಕಡೆಗೆ, ವಾಲುತ್ತೆ. ‘ಯೂನಿಟಿ’ಯ ಅಚ್ಚುಕಟ್ಟು ನಿರೀಕ್ಷಿಸಿದರೆ ನಿರಾಸೆ.

ಖರಹರ
ಭಾರತದ ಸಂಗೀತದ ಹಾದಿಯಿಂದ ಬಂದವರಿಗೆ ಇನ್ನೊಂದು ಎಳೆ: 1969ರ ‘ಎಮರ್ಜೆನ್ಸಿ!’. ಡ್ರಮ್ಸ್‌ನ ಟೋನಿ ವಿಲಿಯಮ್ಸ್, ಗಿಟಾರ್‌ನ ಜಾನ್ ಮೆಕ್‌ಲಾಫ್ಲಿನ್, ಯಂಗ್, ಮೂವರೇ. ಮುಂದೆ ಭಾರತೀಯ ವಾದಕರ ಜೊತೆ ‘ಶಕ್ತಿ’ ತಂಡ ಕಟ್ಟಿದ ಅದೇ ಮೆಕ್‌ಲಾಫ್ಲಿನ್. ಅದೇ ವರ್ಷ ಮೈಲ್ಸ್ ಡೇವಿಸ್‌ನ ‘ಬಿಚಸ್ ಬ್ರೂ’ನಲ್ಲೂ ಯಂಗ್ ಇದ್ದಾನೆ, ಎಲೆಕ್ಟ್ರಿಕ್ ಪಿಯಾನೊದಲ್ಲಿ. 1973ರಲ್ಲಿ ಸಂತಾನಾ, ಮೆಕ್‌ಲಾಫ್ಲಿನ್ ಸೇರಿ ಮಾಡಿದ ‘ಲವ್ ಡಿವೋಶನ್ ಸರೆಂಡರ್’ನಲ್ಲಿ ಖಾಲಿದ್ ಯಾಸಿನ್ ಅನ್ನೋ ಹೆಸರು ಕಂಡರೆ ಅದು ಯಂಗ್‌ನದೇ, ಇಸ್ಲಾಂ ಸ್ವೀಕರಿಸಿದ ಮೇಲಿನದು. 1978ರಲ್ಲಿ 37ನೇ ವಯಸ್ಸಿಗೆ ತೀರಿಕೊಂಡ, ಹಾಗಾಗಿ ಪಟ್ಟಿ ಉದ್ದ ಇಲ್ಲ.

‘ಎಮರ್ಜೆನ್ಸಿ!’ಯ ಸದ್ದು ಒರಟು. ಆರ್ಗನ್ ಮತ್ತು ಗಿಟಾರ್ ಎರಡೂ ಡಿಸ್ಟಾರ್ಷನ್‌ನಲ್ಲಿ ಕಲೆಸಿಹೋಗಿವೆ. ಮೊದಲು ಎಡಗೈ ಬಾಸ್ ಹಿಡಿದು, ಅದರ ಮೇಲಿಂದ ಬಲಗೈ ಹುಡುಕಿ.

ಸಂಶಯಾತ್ಮ
ಪಟ್ಟಿಗೆ ‘ಲಾರೆನ್ಸ್ ಆಫ್ ನೂವರ್ಕ್’ ಸೇರಿಸಿ, 1973ರದು. ಅದರ ಬಗ್ಗೆ ಬೇರೆ ಎಳೆ ಶುರು ಮಾಡ್ತೀನಿ; ಅಲ್ಲೂ ಯಾರಾದರೂ ‘ಕೋಲ್ಟ್ರೇನ್’ ಅಂದರೆ ಯಾವ ಅಳತೆಯಲ್ಲಿ ಅಂತ ಕೇಳ್ತೀನಿ.